ಗಂಡಸರಿಗಾಗಿ ಒಂದು ನಡಿಗೆ



ನಮ್ಮಲ್ಲಿ ಜನ ಹರಕೆ ಹೊತ್ತು ನಡೆಯುತ್ತಾರೆ. ಧರ್ಮಸ್ಥಳಕ್ಕೆ ನಡೆಯುತ್ತಾರೆ. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುತ್ತಾರೆ. ಬ್ರಿಟನ್ ದೇಶದಲ್ಲಿ ಬೇರೊಂದು ನಡಿಗೆ ಇದೆ. ಅದು ದೇವರ ಹರಕೆಯಲ್ಲ. ಗಂಡಸರಿಗೆ ಬರುವ ಒಂದು ಕ್ಯಾನ್ಸರಿನ ಸಂಶೋಧನೆಗೆ ಹಣ ಕೂಡಿಸುವ ನಡಿಗೆ. ಸಂಶೋಧನೆ ಅಂದರೆ ಹುಡುಕಾಟ. ಕಾಯಿಲೆ ಯಾಕೆ ಬರುತ್ತದೆ? ಬೇಗ ಪತ್ತೆ ಮಾಡುವುದು ಹೇಗೆ? ಯಾವ ಔಷಧಿ ಕೆಲಸ ಮಾಡುತ್ತದೆ? ಇದನ್ನೆಲ್ಲ ಹುಡುಕಲು ವರ್ಷಗಟ್ಟಲೆ ಬೇಕು. ಹಣವೂ ಬೇಕು.

ಗಂಡಸರ ಕಾಯಿಲೆ ನಮಗ್ಯಾಕೆ ಅಂತೀರಾ? ಯಜಮಾನರು ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋದರೆ ಬಾಗಿಲ ಸದ್ದು ಕೇಳುವವರು ಯಾರು? ನಾವೇ ತಾನೆ?

ಗಂಡಸರ ಮೂತ್ರದ ಚೀಲದ ಕೆಳಗೆ ಒಂದು ಗ್ರಂಥಿ ಇದೆ. ಅದರ ಹೆಸರು ಪ್ರಾಸ್ಟೇಟ್. ದೊಡ್ಡ ನೆಲ್ಲಿಕಾಯಿಯಷ್ಟು ಇರುತ್ತದೆ. ಮೂತ್ರದ ನಾಳ ಅದರ ನಡುವೆ ಹಾದು ಬರುತ್ತದೆ. ವಯಸ್ಸಾದಂತೆ ಗ್ರಂಥಿ ದಪ್ಪವಾಗುತ್ತದೆ. ಆಗ ನಾಳ ಒತ್ತುತ್ತದೆ. ಮೂತ್ರ ತಡೆದು ತಡೆದು ಬರುತ್ತದೆ. ಇದು ಬಹಳ ಜನರಿಗೆ ಆಗುವುದೇ. ಹೆಚ್ಚಿನ ಸಲ ಇದು ಕ್ಯಾನ್ಸರ್ ಅಲ್ಲ. ಹೆದರಬೇಡಿ.

ಆದರೆ ಕೆಲವರಿಗೆ ಇದೇ ಗ್ರಂಥಿಯಲ್ಲಿ ಕ್ಯಾನ್ಸರ್ ಆಗುತ್ತದೆ. ಬ್ರಿಟನ್ನಿನಲ್ಲಿ 8 ಗಂಡಸರಲ್ಲಿ ಒಬ್ಬರಿಗೆ ಇದು ಬರುತ್ತದೆ. 50 ವರ್ಷ ದಾಟಿದವರಿಗೆ ಅಪಾಯ ಹೆಚ್ಚು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಇನ್ನೂ ಹೆಚ್ಚು. ಮೊದಮೊದಲು ನೋವೇ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮೂಳೆಗೆ ಹರಡಿರಬಹುದು. ಗಂಡಸರೋ ಇಂಥದ್ದನ್ನು ಹೇಳಲು ನಾಚುತ್ತಾರೆ. ಬ್ರಿಟನ್ನಿನವರೂ ಅಷ್ಟೇ!

ಜೆಫ್ ಸ್ಟೆಲ್ಲಿಂಗ್ ಎಂಬವರು ಅಲ್ಲಿ ಟಿ.ವಿ.ಯಲ್ಲಿ ಫುಟ್‌ಬಾಲ್ ಸುದ್ದಿ ಹೇಳಿ ಹೆಸರಾದವರು. 2016ರ ಮಾರ್ಚ್‌ನಲ್ಲಿ ಅವರು ನಡೆಯಲು ಹೊರಟರು. ಆಗ ವಯಸ್ಸು ಅರವತ್ತು ದಾಟಿತ್ತು. ಹಾರ್ಟ್ಲ್‌ಪೂಲ್ ಎಂಬ ತಮ್ಮ ಊರಿಂದ ಲಂಡನ್ನಿನ ವೆಂಬ್ಲಿ ಮೈದಾನದವರೆಗೆ 10 ದಿನ ನಡೆದರು. ದಿನಕ್ಕೆ 42 ಕಿಲೋಮೀಟರ್. ಹೆಚ್ಚು ಕಡಿಮೆ ಮಂಡ್ಯದಿಂದ ಮೈಸೂರಿಗೆ ಇರುವ ದೂರ. ಮಾರನೆಯ ದಿನ ಮತ್ತೆ ಅಷ್ಟೇ. ದಾರಿಯಲ್ಲಿ ಜನ ಜೊತೆಗೂಡಿದರು. 2017ರಲ್ಲಿ ಮತ್ತೆ ಹೊರಟು 15 ದಿನ ನಡೆದರು.

ನಡೆದರೆ ಹಣ ಹೇಗೆ ಬರುತ್ತದೆ? ನಡೆಯುವವರು ನೆಂಟರಿಗೆ, ನೆರೆಯವರಿಗೆ ಮೊದಲೇ ಹೇಳುತ್ತಾರೆ. 'ನಾನು ಇಷ್ಟು ದೂರ ನಡೀತೀನಿ, ನಿಮ್ಮ ಕೈಲಾದ್ದು ಕೊಡಿ' ಅಂತ ಕೇಳುತ್ತಾರೆ. ಕೊಟ್ಟ ಹಣ ಸಂಸ್ಥೆಗೆ ಸೇರುತ್ತದೆ. ಇಂಥ ನಡಿಗೆಗಳಲ್ಲಿ ಹೆಂಗಸರೂ ನಡೆಯುತ್ತಾರೆ. ಗಂಡನನ್ನು ಕಳೆದುಕೊಂಡವರು ಇರುತ್ತಾರೆ. ಅಪ್ಪನನ್ನು ಕಳೆದುಕೊಂಡ ಮಕ್ಕಳು ಇರುತ್ತಾರೆ. ಬಾಯಿ ಬಿಡದ ಕಾಯಿಲೆ ಹಾಗೆ ಬೀದಿಗೆ ಬರುತ್ತದೆ. ನನ್ನನ್ನು ಕೇಳಿದರೆ, ಹಣಕ್ಕಿಂತ ಇದೇ ದೊಡ್ಡ ಲಾಭ.

ಹಣ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಸ್ಟೆಲ್ಲಿಂಗ್ ನಡೆದದ್ದು 'ಪ್ರಾಸ್ಟೇಟ್ ಕ್ಯಾನ್ಸರ್ ಯು.ಕೆ.' ಎಂಬ ಸಂಸ್ಥೆಗಾಗಿ. ಈ ಕ್ಯಾನ್ಸರಿನ ಸುಳಿವಿಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಇದೆ. ಆದರೆ ಗ್ರಂಥಿ ಬರೀ ಊದಿದ್ದರೂ ಅದರ ಅಂಕಿ ಏರುತ್ತದೆ. ಇನ್ನು ಕೆಲವು ಕ್ಯಾನ್ಸರ್ ಬಹಳ ನಿಧಾನ ಬೆಳೆಯುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇಡದಿರಬಹುದು. ಸುಮ್ಮನೆ ಚಿಕಿತ್ಸೆ ಮಾಡಿದರೆ ಮೂತ್ರ ಸೋರುವಂಥ ತೊಂದರೆ ಬರಬಹುದು. ಹಾಗಾದರೆ ಯಾರಿಗೆ, ಯಾವಾಗ, ಯಾವ ಪರೀಕ್ಷೆ ಮಾಡಬೇಕು? ಇದನ್ನು ತಿಳಿಯಲು 2023ರಲ್ಲಿ ಆ ಸಂಸ್ಥೆ ಒಂದು ದೊಡ್ಡ ಅಧ್ಯಯನ ಸಾರಿತು. ಖರ್ಚು 4 ಕೋಟಿ 20 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ 400 ಕೋಟಿ ರೂಪಾಯಿಗೂ ಮೇಲೆ. ಅಲ್ಲಿನ ಸರ್ಕಾರವೂ ಕೈಜೋಡಿಸಿದೆ.

ನಮ್ಮ ಮನೆಯಲ್ಲಿ ನಾವೇನು ಮಾಡಬಹುದು? ಮೂತ್ರ ತಡೆದರೆ, ಮೂತ್ರದಲ್ಲಿ ರಕ್ತ ಕಂಡರೆ, ಬೆನ್ನುಮೂಳೆ ನೋವು ಬಿಡದಿದ್ದರೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಬೇಕಾದರೆ ಅಲ್ಲಿಂದ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅವರು ಡಾಕ್ಟರ ಮುಂದೆ ಬಾಯಿ ಬಿಡದಿದ್ದರೆ? ನಿಮಗೀಗ ಬರೆಯಲು ಬರುತ್ತದಲ್ಲ! ಒಂದು ಚೀಟಿ ಬರೆದು ಕೊಡಿ. ಹೀಗೆ:

'ವಯಸ್ಸು 58. ರಾತ್ರಿ 4 ಸಲ ಏಳುತ್ತಾರೆ. ಮೂರು ತಿಂಗಳಿಂದ ಹೀಗಿದೆ. ಇವರ ಅಣ್ಣನಿಗೂ ಈ ಕಾಯಿಲೆ ಇತ್ತು.'