ಗಸ್ತು ವಾಹನವೂ ಪೋಲೀಸರ ಬೆನ್ನೂ

ಎತ್ತಿನ ಹೆಗಲು ಹುಣ್ಣಾದರೆ ನಮ್ಮ ಅಥಣಿ, ರಾಯಬಾಗ ಸೀಮೆಯ ರೈತನು ಎತ್ತನ್ನು ಬೈಯುವುದಿಲ್ಲ. ಬಡಿಗನನ್ನು ಕರೆದು ನೊಗವನ್ನು ಕೆತ್ತಿಸುತ್ತಾನೆ. ದುಡಿಯುವ ಜೀವಕ್ಕೆ ಸಾಧನವು ಒಗ್ಗಬೇಕೇ ಹೊರತು ಸಾಧನಕ್ಕೆ ಜೀವವಲ್ಲ. ಈ ತತ್ತ್ವವನ್ನೇ ಪಾಶ್ಚಾತ್ಯರು ‘ಎರ್ಗನಾಮಿಕ್ಸ್’ ಎಂಬ ಶಾಸ್ತ್ರವಾಗಿ ಬೆಳೆಸಿರುವರು. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೋಮೋಸ್’ ಎಂದರೆ ನಿಯಮ. ೧೮೫೭ರಲ್ಲಿ ಪೋಲೆಂಡಿನ ವಿದ್ವಾಂಸನೊಬ್ಬನು ಬಳಸಿದ ಈ ಹೆಸರು ೧೯೪೯ರಲ್ಲಿ ಇಂಗ್ಲೆಂಡಿನ ಮರೆಲ್ ಎಂಬವರಿಂದ ರೂಢಿಗೆ ಬಂದಿತು.

ಈ ಶಾಸ್ತ್ರದ ಅಗತ್ಯವು ನನಗೆ ಮೊದಲು ತಿಳಿದುದು ಪುಸ್ತಕದಿಂದಲ್ಲ, ನನ್ನ ಸೋದರಮಾವನವರಿಂದ. ಅವರು ಪೋಲೀಸ್ ಗಸ್ತು ವಾಹನದ ಚಾಲಕರು. ರಾತ್ರಿ ಪಾಳಿ ಮುಗಿಸಿ ಬಂದವರೇ ಊಟಕ್ಕೂ ಕೂಡದೆ ಬರಿನೆಲದ ಮೇಲೆ ಅಂಗಾತ ಮಲಗುವರು. “ಕೂತು ಮಾಡೂ ಕೆಲಸಾ, ಅದರಾಗೇನು ದಣಿವು ಮಾಮಾ?” ಎಂದು ಒಮ್ಮೆ ಕೇಳಿದೆ. “ಕೂತು ನೋಡು, ತಿಳೀತೈತಿ” ಎಂದರು.

ವಿಚಾರಿಸಲಾಗಿ, ದಣಿವಿಗೆ ಮುಖ್ಯ ಕಾರಣಗಳು ಮೂರು. ಮೊದಲನೆಯದು ಭಂಗಿ. ಬೆನ್ನಿಗೆ ಆಸರೆಯಿಲ್ಲದೆ ಮುಂದಕ್ಕೆ ಬಾಗಿ ಕುಳಿತಾಗ, ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳ ಮೇಲೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುವುದೆಂದು ಸ್ವೀಡನ್ನಿನ ವೈದ್ಯ ನಾಕೆಮ್‌ಸನ್ ೧೯೬೦ರ ದಶಕದಲ್ಲಿ ಅಳೆದು ತೋರಿಸಿದರು. ಎರಡನೆಯದು ಸೊಂಟದ ಪಟ್ಟಿ. ವಾಹನದ ಆಸನವನ್ನು ಸಾಮಾನ್ಯ ಪ್ರಯಾಣಿಕನಿಗೆಂದು ಮಾಡಿರುವರು. ಪಟ್ಟಿಗೆ ಸಿಕ್ಕಿಸಿದ ವಾಕಿಟಾಕಿ ಮೊದಲಾದವು ಸೊಂಟಕ್ಕೆ ಒತ್ತುವುವು. ಲಾಠಿಗೆ ಕಾಲಸಂದಿಯೇ ಗತಿ. ಮೂರನೆಯದು ಕುಲುಕಾಟ. ಸೆಕೆಂಡಿಗೆ ೪ರಿಂದ ೮ ಸಲದ ಮೇಲುಕೆಳಗಿನ ಕಂಪನವು ಕುಳಿತ ದೇಹವನ್ನು ಅತಿಯಾಗಿ ಬಾಧಿಸುವುದು. ನಿಪ್ಪಾಣಿಯ ಹೆದ್ದಾರಿಯನ್ನು ಬಿಟ್ಟು ಚಿಕ್ಕೋಡಿ, ಕಾಗವಾಡಗಳ ಒಳದಾರಿಗೆ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ಕ್ಲಚ್ಚಿನ ಮೇಲಿನ ಕಾಲಿಗೂ ಬಿಡುವಿಲ್ಲ.

ಇದು ಪೋಲೀಸರೊಬ್ಬರದೇ ಕಷ್ಟವೆಂದು ವಾಚಕರು ಭಾವಿಸಬಾರದು. ೧೧೨ಕ್ಕೆ ನಾವು ಕರೆ ಮಾಡಿದೊಡನೆ, ತಾಸುಗಟ್ಟಲೆ ಕುಳಿತು ಜೋಮು ಹಿಡಿದ ಅದೇ ಕಾಲಿನಿಂದ ಅವರು ಇಳಿದು ಓಡಬೇಕು.

ಪರಿಹಾರಗಳು ದುಬಾರಿಯೇನಲ್ಲ. ಚಾಲಕನ ಎತ್ತರಕ್ಕೆ ತಕ್ಕಂತೆ ಆಸನವನ್ನು ಸರಿಪಡಿಸುವುದು, ಹಿಂಗಿಸೆಯ ಪಾಕೀಟನ್ನು ತೆಗೆದಿಡುವುದು, ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಲಾಠಿಗೊಂದು ಕೊಂಡಿ ಹಾಕಿಸುವುದು, ಇಷ್ಟಾದರೂ ಸಾಧ್ಯ. ಸ್ವೀಡನ್ನಿನ ಪೋಲೀಸರು ಪಟ್ಟಿಯ ಭಾರವನ್ನು ಎದೆಗವಚಕ್ಕೆ ವರ್ಗಾಯಿಸಿ ಕುಳಿತಾಗ ಕೆಳಬೆನ್ನಿನ ಬಾಧೆ ಕಡಿಮೆಯಾದುದನ್ನು ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದೆ.

ಮಾವನವರು ಈಗ ಮಡಿಸಿದ ಟವೆಲೊಂದನ್ನು ಸೊಂಟದ ಹಿಂದೆ ಇಟ್ಟುಕೊಳ್ಳುತ್ತಾರೆ. ಕೊಂಚ ಹಾಯೆನಿಸುವುದಂತೆ. ಆದರೆ ಟವೆಲು ಹುಣ್ಣಿಗೆ ಹಚ್ಚಿದ ಎಣ್ಣೆ ಮಾತ್ರ. ನೊಗವನ್ನು ಕೆತ್ತಿಸುವ ಕೆಲಸ ಇನ್ನೂ ಬಾಕಿಯಿದೆ.