ಟ್ರ್ಯಾಕ್ಟರ್ ಹೊಡಿಯೋ ತಮ್ಮಗ ಕಿವಿಮಾತು

ತಮ್ಮಾ, ಕಬ್ಬಿನ ಹಂಗಾಮು ಬಂತು. ಇನ್ನ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರಿ ಕಾರ್ಖಾನಿ ಕಡೆ, ಹುಣಶ್ಯಾಳ ಪಿಜಿ ಕಾರ್ಖಾನಿ ಕಡೆ ಹಗಲು-ರಾತ್ರಿ ಗಾಡಿ ಸಾಲು ಹಚ್ಚತಾವ. ಹೊಲದಾಗ ರೋಟಾವೇಟರ್, ರವದಿ ಪುಡಿ ಮಾಡೋ ಮಷಿನ್, ಗೋವಿನಜೋಳದ ರಾಶಿ ಮಷಿನ್, ಬದುವಿನ ಹುಲ್ಲು ಹೊಡಿಯೋ ಕಟರ್, ಎಲ್ಲಾ ಒಮ್ಮೆಲೆ ಬಾಯಿ ತಗೀತಾವ. ಕೈ ಕೊಯ್ದರ ರಕ್ತ ಬರತೈತಿ, ಓಡಿ ದವಾಖಾನಿಗೆ ಹೋಗತೀವಿ. ಸಪ್ಪಳದಿಂದ ಬರೂ ಕಿವುಡಕ್ಕ ನೋವೂ ಇಲ್ಲ, ರಕ್ತಾನೂ ಇಲ್ಲ. ಅದಕ್ಕ ಯಾರೂ ಅಂಜೂದಿಲ್ಲ. ಕಿವಿಗೆ ಹಾಕ್ಕೊಳ್ಳೋ ಮಫ್ ಯಾವುದು ತಗೋಬೇಕಂತ ಕೇಳಿದ್ದಿ. ನೆನಪಾದಂಗ ಹೇಳತೇನಿ.

• ಮೊದಲ ಸಪ್ಪಳ ಎಷ್ಟೈತಿ ನೋಡು. ಒಂದು ತೋಳಿನಷ್ಟು ದೂರ ನಿಂತವನ ಜೋಡಿ ಒದರಿ ಮಾತಾಡಬೇಕಾತಂದ್ರ 85 ಡೆಸಿಬಲ್ ದಾಟೇತಿ ಅಂತ ತಿಳಿ. ಮೊಬೈಲಿನಾಗ ಸಪ್ಪಳ ಅಳಿಯೋ ಆ್ಯಪ್ ಸಿಗತಾವ, ಅವು ಹೇಳೂದು ಅಂದಾಜು, ಆದ್ರೂ ಇಲ್ಲದ್ದಕ್ಕಿಂತ ವಾಸಿ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿಗೆ ಲೋಡ್ ಬಿತ್ತಂದ್ರ ಡ್ರೈವರನ ಕಿವಿ ಹತ್ತಿರ 90ರ ಮ್ಯಾಲ ಹೋಗತೈತಿ. ಪೆಟ್ರೋಲ್ ಹುಲ್ಲು ಕಟರ್ 100ರ ಆಜೂಬಾಜೂ. ಗಿಡ ಕೊಯ್ಯೋ ಚೈನ್ ಗರಗಸ ಅದಕ್ಕೂ ಜೋರು. ದುಡಿಯಾವ್ರ ಆರೋಗ್ಯ ನೋಡೋ ಅಮೆರಿಕಾದ ನಿಯೋಶ್ ಸಂಸ್ಥೆಯವರ ಲೆಕ್ಕದಾಗ 85 ಡೆಸಿಬಲ್ ಇದ್ದಲ್ಲಿ ದಿನಕ್ಕ 8 ತಾಸು ಇರಬಹುದು. ಅದರ ಮ್ಯಾಲ 3 ಡೆಸಿಬಲ್ ಏರಿದಾಗೊಮ್ಮೆ ಹೊತ್ತು ಅರ್ಧಕ್ಕಿಳೀತೈತಿ. 94ಕ್ಕ ಒಂದು ತಾಸು, 100ಕ್ಕ ಕಾಲು ತಾಸು. ಕಾಲು ತಾಸಿನಾಗ ಒಂದು ಬದುವೂ ಹಸನ ಆಗೂದಿಲ್ಲ, ನೀನ ನೋಡಿದ್ದಿ. ನಮ್ಮ ದೇಶದ ಕಾರ್ಖಾನಿ ನಿಯಮದಾಗ 90 ಡೆಸಿಬಲ್‌ಗೆ 8 ತಾಸು ಅಂತೈತಿ. ಹೊಲಕ್ಕ ಯಾವ ಇನ್‌ಸ್ಪೆಕ್ಟರನೂ ಬರೂದಿಲ್ಲ, ನಿನಗ ನೀನ ಇನ್‌ಸ್ಪೆಕ್ಟರ್. 85 ಹಿಡಕೊಂಡು ನಡಿ.

• ಹಾಡು ಕೇಳೋ ಹೆಡ್‌ಫೋನಿಗೂ ಕಿವಿ ಕಾಯೋ ಮಫ್‌ಗೂ ಸಂಬಂಧ ಇಲ್ಲ. ನೋಡಾಕ ಒಂದ ತರ ಕಾಣತಾವ, ಅದ ಮೋಸ. ಇಂಜಿನ್ ಸಪ್ಪಳದಾಗ ಹಾಡು ಕೇಳಬೇಕಂದ್ರ ನೀ ಅದನ್ನ ಇಂಜಿನ್‌ಕಿಂತ ಜೋರು ಇಡತೀ. ಅಂದ್ರ ಹೊರಗಿನ ಸಪ್ಪಳದ ಜೋಡಿ ಒಳಗಿಂದೂ ಸೇರತು. ನಾಯ್ಸ್ ಕ್ಯಾನ್ಸಲಿಂಗ್ ಅಂತ ಬರದದ್ದೂ ಇದಕ್ಕಲ್ಲ. ಅದು ವಿಮಾನದಾಗಿನ ಒಂದ ಸಮನ ಗುಂಯ್ ಅನ್ನೋದನ್ನ ತಗ್ಗಿಸಾಕ ಮಾಡಿದ್ದು. ರಾಶಿ ಮಷಿನ್ನಿನ ಕಟಕಟ, ಕಟರಿನ ಕಿರ್ರ್ ಅನ್ನೂದಕ್ಕ ಅದರ ಆಟ ನಡಿಯೂದಿಲ್ಲ.

• ಟ್ರ್ಯಾಕ್ಟರಿನ ಟೇಪ್ ಬಗ್ಗೆ ಹೇಳಿದ್ರ ಸಿಟ್ಟಾಗತೀ, ಆದ್ರೂ ಹೇಳತೇನಿ. ಗೋಕಾಕ-ಮೂಡಲಗಿ ರಸ್ತಿ ಮ್ಯಾಲ ಕಬ್ಬಿನ ಗಾಡಿ ಬರೂದು ಕಣ್ಣಿಗೆ ಕಾಣೂಕಿಂತ ಮೊದಲ ಕಿವಿಗೆ ಗೊತ್ತಾಗತೈತಿ. ಸೀಟಿನ ಹಿಂದ, ಮಡ್‌ಗಾರ್ಡಿನ ಮ್ಯಾಲ, ತಲಿ ಮ್ಯಾಲಿನ ಟಾಪಿಗೆ ಸ್ಪೀಕರ್ ಕಟ್ಟಿ, ಬ್ಯಾಟರಿ ಬ್ಯಾರೆ ಹಾಕಿ, ನಿದ್ದಿ ಬರಬಾರದಂತ ಹಚ್ಚತೀರಿ. ನಿದ್ದಿಗೆ ಔಷಧ ನಿದ್ದೀನ. ಸ್ಪೀಕರ್ ತಲಿಯಿಂದ ಒಂದೂವರಿ ಫೂಟಿನ ಅಂತರದಾಗಿದ್ದು ಕಾರ್ಖಾನಿ ಗೇಟಿನ ಮುಂದ ಐದಾರು ತಾಸು ಸಾಲಿನಾಗ ನಿಂತ್ರ, ಇಂಜಿನ್ ಬಂದ್ ಇದ್ರೂ ಕಿವಿಗೆ ರಜಾ ಇಲ್ಲ. ಕೆಲವರಂತೂ ಸಪ್ಪಳ ಹೆಚ್ಚಾಗಲಿ ಅಂತ ಸೈಲೆನ್ಸರ್ ಕಿತ್ತು ಬರೇ ಪೈಪ್ ಹಾಕಸತಾರ. ಅಂಥವಗ ಮಫ್ ಆರಸಿ ಕೊಡೂದು ನನ್ನ ಕೈಲೆ ಆಗೂದಿಲ್ಲ, ಮೊದಲ ಸೈಲೆನ್ಸರ್ ಹಚ್ಚಿಸಿ ಬರಲಿ.

• ಮಫ್‌ನ ಬಾಕ್ಸಿನ ಮ್ಯಾಲ ಒಂದು ನಂಬರ್ ಇರತೈತಿ, ಅದನ್ನ ಓದಾಕ ಕಲಿ. ಅಮೆರಿಕಾದ್ದು ಎನ್‌ಆರ್‌ಆರ್, ಯುರೋಪಿನ್ದು ಎಸ್‌ಎನ್‌ಆರ್. ಒಂದ ಮಾಲಿಗೆ ಎರಡು ನಂಬರ್ ಬ್ಯಾರೆ ಬ್ಯಾರೆ ಬರತಾವ. 3ಎಂ ಪೆಲ್ಟರ್ ಎಕ್ಸ್5ಎ ಅಂತೈತಿ, ಅದಕ್ಕ ಎನ್‌ಆರ್‌ಆರ್ 31, ಎಸ್‌ಎನ್‌ಆರ್ 37. ಅಂಗಡ್ಯಾವ ದೊಡ್ಡದನ್ನ ಓದತಾನ, ನೀ ಯಾವ ಪದ್ಧತಿದು ಅಂತ ಕೇಳು. ಮತ್ತ ಈ ನಂಬರು ಲ್ಯಾಬಿನಾಗ ತಲಿ ಅಲಗಾಡಸದ ಕುಂತವರ ಮ್ಯಾಲ ತಗದದ್ದು. ಬೆವತು ದುಡಿಯೋ ಮನಷಾಗ ಅಷ್ಟು ದಕ್ಕೂದಿಲ್ಲ. ಎನ್‌ಆರ್‌ಆರ್‌ನಾಗ 7 ಕಳದು ಉಳದದ್ದರ ಅರ್ಧ ಹಿಡಿ ಅಂತ ಅಮೆರಿಕಾದಾಗ ಒಂದು ಬಿಗಿ ಲೆಕ್ಕ ಐತಿ. 25 ಅಂತ ಬರದಿದ್ರ ನಿನಗ ಸಿಗೂದು 9 ಅಂತ ಇಟ್ಕೊ. ಅದಕ್ಕಿಂತ ಹೆಚ್ಚು ಸಿಕ್ಕರ ಲಾಭ.

• ನಂಬರಿನ ಜೋಡಿ ಗುರುತೂ ನೋಡು: ಐಎಸ್ 9167, ಇಲ್ಲಾ ಇಎನ್ 352, ಇಲ್ಲಾ ಎಎನ್‌ಎಸ್‌ಐ ಎಸ್3.19. ಇವುಗಳಾಗ ಒಂದೂ ಇಲ್ಲದ, ಬರೇ ಹಳದಿ ಬಣ್ಣದ ಡಬ್ಬಿ ಇದ್ರ ಮುಟ್ಟಬ್ಯಾಡ. ಗೋಕಾಕದಾಗ, ಸಂಕೇಶ್ವರದಾಗ ಹಾರ್ಡ್‌ವೇರ್ ಅಂಗಡ್ಯಾಗ ಕೇಳು. ಸಿಗಲಿಲ್ಲಂದ್ರ ಬೆಳಗಾವಿ ಉದ್ಯಮಬಾಗದ ಕಡೆ ಕಾರ್ಖಾನಿಗಳಿಗೆ ಸೇಫ್ಟಿ ಸಾಮಾನು ಕೊಡಾವರನ್ನ ವಿಚಾರಸು. ರೊಕ್ಕದ ಮಾತು ತಗೀಬ್ಯಾಡ. ಎರಡು ಕಿಲೋ ಗೋಕಾಕ ಕರದಂಟಿನ ರೊಕ್ಕದಾಗ ಸಾದಾ ಮಫ್ ಬರತೈತಿ, ಸ್ಪೀಕರಿಗೆ ಹಾಕಿದ್ದರ ಬಡ್ಡಿಯೂ ಆಗೂದಿಲ್ಲ.

• ಭಾಳ ದೊಡ್ಡ ನಂಬರಿನ ಬೆನ್ನ ಹತ್ತಬ್ಯಾಡ. ಕಿವಿ ಪೂರಾ ಮುಚ್ಚಿಬಿಟ್ರ ಬೇರಿಂಗ್ ಕಿರಗುಟ್ಟೂದು ತಿಳಿಯೂದಿಲ್ಲ, ಹಿಂದಿನಾವ "ನಿಲ್ಲಸೋ" ಅಂತ ಒದರಿದ್ದೂ ಕೇಳೂದಿಲ್ಲ. ಮಫ್‌ನ ಒಳಗ ಸಪ್ಪಳ 75ರಿಂದ 80ರ ನಡುವ ಬಿದ್ರ ಛಲೋ, 70ರ ಕೆಳಗ ಹೋದ್ರ ಅತಿ ಆತು. ಹೊಲದಾಗಿನ ಟ್ರ್ಯಾಕ್ಟರಿಗೆ ನಡುವಿನ ನಂಬರಿನ ಮಫ್ ಸಾಕು, ಕಟರಿಗೆ ಜೋರಿನದು ಬೇಕು. ಚೈನ್ ಗರಗಸ ದಿನವಿಡೀ ಹಿಡಿಯಾಂವ ಒಳಗ ಸ್ಪಂಜಿನ ಪ್ಲಗ್, ಮ್ಯಾಲ ಮಫ್, ಎರಡೂ ಹಾಕ್ಕೋಬೇಕು. ಆದ್ರ ಎರಡರ ನಂಬರ್ ಕೂಡಸಬ್ಯಾಡ, ದೊಡ್ಡದಕ್ಕ ಒಂದು ಐದು ಡೆಸಿಬಲ್ ಸೇರತೈತಿ, ಅಷ್ಟ. ಕಬ್ಬು ತುಂಬಿದ ಎರಡು ಟ್ರೇಲರ್ ಎಳಕೊಂಡು ಡಾಂಬರ ರಸ್ತಿಗೆ ಬಂದ ಮ್ಯಾಲ ಮಫ್ ತಗದು ಇಡು. ಅಲ್ಲಿ ಹಿಂದಿನ ಬಸ್ಸಿನ ಹಾರನ್ ಕೇಳಬೇಕು.

• ತಲಿಗೆ ಹಾಕಿ ನೋಡದ ತಗೋಬ್ಯಾಡ. ಮಫ್ ಕೆಲಸ ಮಾಡೂದು ಅದರ ಗಾದಿ ಕಿವಿ ಸುತ್ತ ಸಂದಿಲ್ಲದಂಗ ಕುಂತಾಗ ಮಾತ್ರ. ಗಾಂಧಿ ಟೊಪಗಿಯ ಅಂಚು, ರುಮಾಲಿನ ಸುತ್ತು, ಥಂಡಿಗೆ ಕಟ್ಟಿದ ಟಾವೆಲ್ಲು, ಚಷ್ಮಾದ ದಪ್ಪ ಕಡ್ಡಿ, ಏನ ನಡುವ ಬಂದ್ರೂ ಆ ಸಂದಿನಾಗ ಸಪ್ಪಳ ನುಗ್ಗತೈತಿ. ರುಮಾಲು ಬಿಡದಾವ್ರಿಗೆ ಪಟ್ಟಿ ತಲಿ ಮ್ಯಾಲ ಹಾಯದ ಕುತ್ತಿಗಿ ಹಿಂದ ಹಾಯೋ ಮಫ್ ಬರತಾವ, ಅಂಥಾದ್ದು ಕೇಳ್ರಿ. ಹೆಣ್ಣಮಕ್ಕಳು ರಾಶಿಗೆ ನಿಂತಾಗ ಸೆರಗನ್ನ ಮಫ್‌ನ ಮ್ಯಾಲ ಹೊಚ್ಚಕೋಬೇಕು, ಅಡ್ಯಾಗ ಅಲ್ಲ. ಝುಮಕಿ ತಗದಿಡಬೇಕು. ಹಾಕ್ಕೊಂಡ ಮ್ಯಾಲ ಇಂಜಿನ್ ಚಾಲೂ ಮಾಡಿ, ಎರಡೂ ಕೈಲೆ ಮಫ್ ಒತ್ತಿ ಹಿಡಿದು ಬಿಡು. ಒತ್ತಿದಾಗ ಸಪ್ಪಳ ಭಾಳ ಇಳೀತಂದ್ರ ಅದು ನಿನ್ನ ತಲಿಗೆ ಸರಿಯಾಗಿ ಕುಂತಿಲ್ಲ.

• ಅರಳಿ ತುರುಕೂದು ಬಿಡು. ಹತ್ತಿ ಸೀಮ್ಯಾವರು ನಾವು, ಗೋಕಾಕ ಫಾಲ್ಸ್‌ನಾಗ 19ನೇ ಶತಮಾನದಿಂದ ನೂಲಿನ ಗಿರಣಿ ಐತಿ, ಅರಳಿಗೇನು ಬರಾ ಇಲ್ಲ. ಆದ್ರ ಕಿವ್ಯಾಗಿನ ಅರಳಿ ಹತ್ತು ಡೆಸಿಬಲ್ ಸಹಿತ ತಡಿಯೂದಿಲ್ಲ.

• ಬ್ಯಾಸಗ್ಯಾಗ ಮಫ್‌ನ ಒಳಗ ಕಿವಿ ಬೆವರತೈತಿ, ಖರೆ. ಆಗ ಸ್ಪಂಜಿನ ಪ್ಲಗ್ ಅನುಕೂಲ. ಹಾಕೂ ಪದ್ಧತಿ ಹಿಂಗ: ಕೈ ಸಾಬಾಣ ಹಚ್ಚಿ ತೊಳಿ. ಪ್ಲಗ್ಗನ್ನ ಬೆರಳಿನಾಗ ಹೊಸದು ಸುಕ್ಕು ಇಲ್ಲದಂಗ ಸಣ್ಣ ಮಾಡು. ಇನ್ನೊಂದು ಕೈ ತಲಿ ಹಿಂದಿಂದ ತಂದು ಕಿವೀನ ಮ್ಯಾಲಕ್ಕ, ಹಿಂದಕ್ಕ ಜಗ್ಗು, ಪ್ಲಗ್ ಒಳಗ ದಬ್ಬಿ ಅರ್ಧ ಮಿನಿಟು ಬೆರಳಿಲೆ ಹಿಡಿ. ಅದು ಉಬ್ಬಿ ತುಂಬಿಕೊಳ್ಳತೈತಿ. ಅರ್ಧ ಹೊರಗ ನಿಂತ ಪ್ಲಗ್ ಕಿವಿಯೋಲಿ ಇದ್ದಂಗ, ಶೃಂಗಾರಕ್ಕ ಅಷ್ಟ. ಕೆಲಸಕ್ಕ ಇಳಿಯೂ ಮೊದಲ ಹಾಕ್ಕೊ. ಗೊಬ್ಬರ, ಔಷಧ ಮುಟ್ಟಿದ ಕೈಲೆ ನಡುವ ತಗದು ಹಾಕಬ್ಯಾಡ. ಸಂಕೇಶ್ವರದ ಮೆಣಸಿನಕಾಯಿ ಮುಟ್ಟಿದ ಕೈಲೆ ಒಮ್ಮೆ ಹಾಕ್ಕೊಂಡಾವ ಎರಡನೇ ಸಲ ಹೇಳಿಸಿಕೊಳ್ಳೂದಿಲ್ಲ! ಕಿವಿ ಸೋರತಿದ್ರ, ಬೂಷ್ಟು ಹಿಡದಿದ್ರ ಪ್ಲಗ್ ಪೂರಾ ಬಂದ್, ಡಾಕ್ಟರ್ ಹತ್ತಿರ ಹೋಗು.

• ಈಗ ಎಲ್ಲಾಕ್ಕಿಂತ ದೊಡ್ಡ ಮಾತು. ಮಫ್ ತಗೊಂಡಾವ್ರು ಭಾಳ ಮಂದಿ ಅದಾರ, ಇಡೀ ಹೊತ್ತು ಹಾಕ್ಕೊಳ್ಳಾವ್ರು ಕಡಿಮಿ. ಫೋನ್ ಬಂತು ಅಂತ ತಗೀತಾರ, ತಂಬಾಕು ತಿಕ್ಕಾಕ ತಗೀತಾರ, ಮಷಿನ್ ಮಾತ್ರ ನಡದಿರತೈತಿ. 30 ಡೆಸಿಬಲ್ ತಡಿಯೋ ಮಫ್ ಇರಲಿ, ಕೆಲಸದ ಅರ್ಧ ಹೊತ್ತು ತಗದಿದ್ರ ನಿನಗ ದಕ್ಕಿದ್ದು ಬರೇ 3 ಡೆಸಿಬಲ್. ತಾಸಿಗೆ ಹತ್ತು ಮಿನಿಟು ತಗದ್ರ 8ರ ಒಳಗ. ಇದು ಹೆದರಸಾಕ ಹೇಳಿದ್ದಲ್ಲ, ಲೆಕ್ಕಾನ ಹಂಗೈತಿ: ಕಿವಿ ತೆರೆದಿದ್ದ ಆ ಹತ್ತು ಮಿನಿಟಿನಾಗ ಬಿದ್ದ ಪೆಟ್ಟು ಉಳದ ಐವತ್ತು ಮಿನಿಟಿನ ಪೆಟ್ಟಿಗಿಂತ ನೂರಾರು ಪಟ್ಟು. ಅದಕ್ಕ ನಾ ಹೇಳೂದು, ತಲಿಗೆ ಬಿಗಿ ಆಗದ, ನೀ ಮರತು ಕುಂತಿರಾಕ ಬರೋ ಸಾದಾ ಮಫ್ ತಗೋ. ಬಿಗಿ ಆಗೋ ತುಟ್ಟಿದು ಮೊಳಿಗೆ ತೂಗ ಹಾಕಾಕ ಛಲೋ. ಮಾತಾಡೂದಿದ್ರ ಮೊದಲ ಇಂಜಿನ್ ಬಂದ್ ಮಾಡು, ಆಮ್ಯಾಲ ಮಫ್ ತಗಿ.

• ಬಾನೆಟ್ ಮ್ಯಾಲ, ಬಿಸಲಿನಾಗ ಇಡಬ್ಯಾಡ, ಗಾದಿ ಬಿರುಸಾಗಿ ಸೀಳತೈತಿ. ಪೆಟ್ರೋಲ್ ಅರಬಿಲೆ ಒರಸಬ್ಯಾಡ, ಸಾಬಾಣ ನೀರು ಸಾಕು. ದಿನಾ ಹಾಕ್ಕೊಳ್ಳಾವ್ರು ಆರು ತಿಂಗಳಿಗೊಮ್ಮೆ ಗಾದಿ ಬದಲಿ ಮಾಡಬೇಕು. ಗಾದಿ ಬಿಡಿಯಾಗಿ ಸಿಗತಾವೋ ಇಲ್ಲೋ ಅನ್ನೂದನ್ನ ತಗೊಳ್ಳೂ ದಿನಾನ ಕೇಳು.

• ಮಷಿನ್ನಿಗೂ ಸ್ವಲ್ಪ ಮಾಡು. ಸಡ್ಲಾದ ಬೋಲ್ಟ್ ಬಿಗಿ, ಬೇರಿಂಗಿಗೆ ಗ್ರೀಸ್ ಹಾಕು, ಮೇವು ಕಟರಿನ ಅಲಗು ಹರಿತ ಮಾಡು. ಬಯಲಿನಾಗ ಮಷಿನ್‌ನಿಂದ ದೂರ ಎರಡರಷ್ಟಾದ್ರ 6 ಡೆಸಿಬಲ್ ಇಳೀತೈತಿ. ಚಾ ಕುಡಿಯಾಕ, ಕೂಸು ಮಲಗಸಾಕ ಮಷಿನ್ ಬುಡಾನ ಯಾಕ ಬೇಕು?

• ರಾತ್ರಿ ಹಾಸಿಗ್ಯಾಗ ಕಿವಿ ಗುಂಯ್ ಅಂತಂದ್ರ ಅಂದಿನ ದಿನ ಅತಿ ಆಗೇತಿ ಅಂತ ಅರ್ಥ. ಒಳಗಿವಿಯ ಸಣ್ಣ ಕೂದಲಿನ ಜೀವಕೋಶ ಸತ್ರ ಮತ್ತ ಹುಟ್ಟೂದಿಲ್ಲ, ಅದಕ್ಕ ಗುಳಿಗಿ ಇಲ್ಲ. ಮೊದಲ ಹೋಗೂದು 4000 ಹರ್ಟ್ಸ್ ಸುತ್ತಿನ ಸಣ್ಣ ದನಿ. ಗಂಡಸರ ಮಾತು ಕೇಳತಿರತೈತಿ, ಹೇಣ್ತಿದು, ಮಕ್ಕಳದು ಮಸುಕಾಗತೈತಿ. ಸ, ಶ ಗೊತ್ತಾಗೂದಿಲ್ಲ. "ಬಾಯಾಗ ಮಾತಾಡತಾರ" ಅಂತ ಮನ್ಯಾವರ ಮ್ಯಾಲ ಹರಿಹಾಯೂದು ಸುರು ಆತಂದ್ರ ಬೆಳಗಾವಿ ಜಿಲ್ಲಾ ಆಸ್ಪತ್ರಿಯ ಕಿವಿ ವಿಭಾಗಕ್ಕ ಹೋಗಿ ಕಿವಿ ಪರೀಕ್ಷಾ ಮಾಡಿಸು. ಹಿಂದಿನ ದಿನ ಮಷಿನ್ ಹತ್ತಿರ ಹೋಗಬ್ಯಾಡ, ಇಲ್ಲಂದ್ರ ಪರೀಕ್ಷಾ ಸರಿ ಬರೂದಿಲ್ಲ. ಹೆಚ್ಚಿನ ತಪಾಸಣಿಗೆ ಮೈಸೂರಿನಾಗ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಐತಿ. ಸಕ್ಕರಿ ಕಾರ್ಖಾನಿಯಾಗ ಟರ್ಬೈನ್, ಮಿಲ್ ಹತ್ತಿರ ದುಡಿಯಾವ್ರು ಇದನ್ನೂ ತಿಳಕೊಳ್ರಿ: ಸಪ್ಪಳದ ಕಿವುಡು ಸರ್ಕಾರಕ್ಕ ತಿಳಸಲೇಬೇಕಾದ ರೋಗದ ಪಟ್ಟಿಯಾಗ ಐತಿ. ಕಿವಿ ರಕ್ಷಣಾ ಕೇಳೂದು ಭಿಕ್ಷಾ ಬೇಡಿದಂಗಲ್ಲ.

• ಕಡೀದು. ಮಫ್ ತರಾಕ ಹೋದಾಗ ಒಂದ ತರಬ್ಯಾಡ. ಟ್ರ್ಯಾಕ್ಟರ್ ಮ್ಯಾಲ ಕುಂತ ನಿನಗಿಂತ ರಾಶಿ ಮಷಿನ್ನಿನ ಬಾಯಿಗೆ ತೆನಿ ಕೊಡೋ ಆಳು ಸಪ್ಪಳಕ್ಕ ಹತ್ತಿರ ನಿಂತಿರತಾನ, ನಿನಗಿಂತ ಹೆಚ್ಚು ದಿನ ನಿಂತಿರತಾನ, ಇವತ್ತು ನಿನ್ನ ಹೊಲ, ನಾಳೆ ಇನ್ನೊಬ್ಬರದು. ಅವಗ ಯಾರೂ ತಂದು ಕೊಡೂದಿಲ್ಲ. ಮಷಿನ್ ಬಾಡಿಗಿ ಲೆಕ್ಕದಾಗ ಡೀಸೆಲ್ ಹಿಡಿದಂಗ ಆಳಿಗೊಂದು ಮಫ್ ಹಿಡಿ, ಮಷಿನ್ ಚಾಲೂ ಮಾಡೂ ಮೊದಲ ಅವನ ಕೈಗೆ ಕೊಡು.