ಯಾವ ಕೆಲಸ ಯಾರದು?

ನಮ್ಮ ಓಣಿಯ ನಲ್ಲಿಗೆ ಎಂಟು ದಿನದಿಂದ ನೀರಿಲ್ಲ.

"ಯಾರನ್ನ ಕೇಳೋದು ಟೀಚರ್? ದಿಲ್ಲಿಯವರನ್ನೋ, ಬೆಂಗಳೂರಿನವರನ್ನೋ?" ಎಂದರು ಒಬ್ಬ ಅಕ್ಕ.

ಉತ್ತರ ನಮ್ಮ ಸಂವಿಧಾನದಲ್ಲಿದೆ. ಸಂವಿಧಾನ ಅಂದರೆ ದೇಶ ನಡೆಸುವ ಕಟ್ಟಳೆ. ಅದು 1950ರ ಜನವರಿ 26ರಂದು ಜಾರಿಗೆ ಬಂತು.

ಕೂಡು ಮನೆಯಲ್ಲಿ ಕೆಲಸ ಹಂಚಿಕೊಳ್ಳುತ್ತೇವೆ. ಒಬ್ಬರಿಗೆ ಅಡುಗೆ, ಒಬ್ಬರಿಗೆ ದನ, ಒಬ್ಬರಿಗೆ ಹೊಲ. ಸಂವಿಧಾನವೂ ಹಾಗೆಯೇ ಕೆಲಸ ಹಂಚಿದೆ.

ರೈಲು, ಅಂಚೆ, ಸೈನ್ಯ: ಕೇಂದ್ರ ಸರ್ಕಾರದ ಕೆಲಸ.
ಪೊಲೀಸ್, ಆಸ್ಪತ್ರೆ: ರಾಜ್ಯ ಸರ್ಕಾರದ ಕೆಲಸ.
ಶಿಕ್ಷಣ, ಕಾಡು: ಇಬ್ಬರಿಗೂ ಸೇರಿದ್ದು.

ಹಾಗಾದರೆ ಊರಿನ ನೀರು? 1993ರಲ್ಲಿ ಸಂವಿಧಾನಕ್ಕೆ ಹೊಸ ಭಾಗ ಸೇರಿತು. ಪಂಚಾಯಿತಿಗೆ ಬಲ ಬಂತು. ಊರಿಗೆ ಕುಡಿಯುವ ನೀರು ಕೊಡುವುದು ಗ್ರಾಮ ಪಂಚಾಯಿತಿಯ ಕೆಲಸ.

ಪಂಚಾಯಿತಿಯಲ್ಲಿ ಮೂರರಲ್ಲಿ ಒಂದು ಸ್ಥಾನವಾದರೂ ಹೆಂಗಸರಿಗೆ ಇರಲೇಬೇಕು. ಇದೂ ಸಂವಿಧಾನದ ಮಾತು. ಕರ್ನಾಟಕದ ಕಾನೂನು ಅದನ್ನು ಅರ್ಧಕ್ಕೆ ಏರಿಸಿದೆ. ಅಲ್ಲಿ ಕೂರುವವರೂ ನಮ್ಮಂಥವರೇ!

ಆ ಅಕ್ಕ ಪಂಚಾಯಿತಿಗೆ ಅರ್ಜಿ ಬರೆದರು. ಹನ್ನೆರಡು ಮಂದಿ ಸಹಿ ಹಾಕಿದೆವು. ಅರ್ಜಿ ಕೊಟ್ಟು ರಸೀದಿ ಪಡೆದೆವು. ಮೂರನೆಯ ದಿನ ನೀರು ಬಂತು.

ಆ ಅರ್ಜಿಯಲ್ಲಿ ಒಂದೂ ಹೆಬ್ಬೆಟ್ಟಿನ ಗುರುತು ಇರಲಿಲ್ಲ.

ಅಭ್ಯಾಸ
1. ಬಿಟ್ಟ ಜಾಗ ತುಂಬಿರಿ: ರೈಲು ______ ಸರ್ಕಾರದ ಕೆಲಸ.
2. ನಿಮ್ಮ ಓಣಿಗೆ ಏನು ಬೇಕು? ಪಂಚಾಯಿತಿಗೆ ಅರ್ಜಿ ಬರೆಯಿರಿ.